ಮುಂಡಪ್ಪಣ್ಣನ ಸ್ವರ ಕಳವಾದ ಪ್ರಕರಣ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಬಂಟ್ವಾಳದ ಠಾಣೆಗೆ ಬಂದ ದೂರು ಒಂದೇ ಸಾಲಿನದ್ದು: ‘ನನ್ನ ಸ್ವರವನ್ನು ಯಾರೋ ಕದ್ದಿದ್ದಾರೆ, ಹುಡುಕಿಕೊಡಬೇಕು.’

ಹೆಡ್ ಕಾನ್‌ಸ್ಟೆಬಲ್ ಮೊಯಿದಿನಬ್ಬ ಅದನ್ನು ಎರಡು ಸಲ ಓದಿದರು. ಎದುರಿಗೆ ಕುತ್ತಿಗೆಗೆ ತೆಳು ಟವೆಲಿನಂಥ ಬೈರಾಸು ಸುತ್ತಿಕೊಂಡ, ಅರುವತ್ತು ದಾಟಿದ ವ್ಯಕ್ತಿ ನಿಂತಿದ್ದರು.

“ಸ್ವರ ಕಳವಾದದ್ದು ಎಲ್ಲಿ ಮಾರಾಯ್ರೆ? ಬಸ್ಸಿನಲ್ಲೋ, ಪೇಟೆಯಲ್ಲೋ? ಕಳವಾದ ಸೊತ್ತಿನ ಮೌಲ್ಯ ಎಷ್ಟು ಅಂತ ಬರೆಯುವುದು?”

ಆ ವ್ಯಕ್ತಿ ಬೈರಾಸನ್ನು ಸ್ವಲ್ಪ ಕೆಳಗೆ ಜಗ್ಗಿದರು. ಗಂಟಲಿನ ಬುಡದಲ್ಲಿ ಒಂದು ತೂತು. ಉಸಿರು ಅಲ್ಲಿಂದಲೇ ಬಂದು ಹೋಗುತ್ತಿತ್ತು. ಮೊಯಿದಿನಬ್ಬರ ಪೆನ್ನು ನಿಂತಿತು. ಆಮೇಲೆ ಮುಖ ನೋಡಿದರು. “ಯಾ ಅಲ್ಲಾ, ಮುಂಡಪ್ಪಣ್ಣ! ನೀವಾ!”

ಒಳಗೆ ಕೂತಿದ್ದ ಇನ್‌ಸ್ಪೆಕ್ಟರ್ ಪದ್ಮಾಕ್ಷಿ ಆ ಹೆಸರು ಕೇಳಿ ಎದ್ದು ಬಂದರು. ಮುಂಡಪ್ಪ ಎಂದರೆ ಈ ಮೂರು ತಾಲೂಕಿನ ಮೈಕು. ಕಂಬಳವಿರಲಿ, ವಾಲಿಬಾಲ್ ಪಂದ್ಯವಿರಲಿ, ರಕ್ತದಾನದ ಶಿಬಿರವಿರಲಿ, ಉದ್ಘೋಷಣೆ ಅವರದ್ದೇ. ಪದ್ಮಾಕ್ಷಿ ಎಂಟು ವರ್ಷದವಳಿದ್ದಾಗ ಕಂಬಳದ ಗದ್ದೆಯಲ್ಲಿ ಒಂದು ಕಾಲಿನ ಚಪ್ಪಲಿ ಕಳೆದುಕೊಂಡು ಅತ್ತಿದ್ದಳು. ಮುಂಡಪ್ಪ ಕೋಣಗಳ ಓಟದ ನಡುವೆಯೇ ಅಷ್ಟೂ ಜನರಿಗೆ ಸಾರಿದ್ದರು: “ಕೆಂಪು ಬಾರಿನ ಒಂದು ಚಿಕ್ಕ ಚಪ್ಪಲಿ ಸಿಕ್ಕಿದವರು ದಯವಿಟ್ಟು ತಂದುಕೊಡಿ. ಒಂದು ಮಗು ಒಂಟಿ ಕಾಲಲ್ಲಿ ನಿಂತಿದೆ.” ಯಾರೋ ತಂದುಕೊಟ್ಟರು. ಆ ಸ್ವರ ಸುಳ್ಳು ಹೇಳುವುದಿಲ್ಲ ಎಂದು ಊರಿಗೆ ಊರೇ ನಂಬಿದ್ದು ಹೀಗೆ, ಚಪ್ಪಲಿ ಚಪ್ಪಲಿಯಾಗಿ.

ಕಳೆದ ದೀಪಾವಳಿಯ ಹೊತ್ತಿಗೆ ಗಂಟಲಿನ ಕ್ಯಾನ್ಸರ್ ಎಂದು ವೈದ್ಯರು ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಮೂರು ತಿಂಗಳ ನಂತರ ಅದೇ ಸ್ವರ ಜನರ ಮೊಬೈಲುಗಳಲ್ಲಿ ಜೂಜಿನ ಜಾಹೀರಾತು ಹೇಳತೊಡಗಿತು.

ಮುಂಡಪ್ಪ ತಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟು ಒತ್ತಿದರು. ಮೊದಲು ಒಂದು ಮೆಲು ಪ್ರಶ್ನೆ, ತುಳುವಿನಲ್ಲಿ: “ಕೇಣುಂಡಾ?” ಕೇಳಿಸುತ್ತದಾ, ಎಂದು. ಆಮೇಲೆ ತುಳುವಿನಲ್ಲೇ ಆ ಹಳೆಯ ಗಂಭೀರ ಸ್ವರ: ಬಂಧುಗಳೇ, ಸೇರಿದ ಕೂಡಲೇ ಐನೂರು ರೂಪಾಯಿ ಉಚಿತ. ಸೋತರೆ ಪೂರ್ತಿ ಹಣ ವಾಪಸ್. ನಾನು ಆಡಿದ್ದೇನೆ, ನೀವೂ ಆಡಿ.

ಪರದೆಯ ತಳದಲ್ಲಿ ಇರುವೆ ಮೊಟ್ಟೆಯಷ್ಟು ಚಿಕ್ಕ ಅಕ್ಷರಗಳಿದ್ದವು. ಪದ್ಮಾಕ್ಷಿ ಹಿಗ್ಗಿಸಿ ಓದಿದರು. ಉಚಿತ ಐನೂರನ್ನು ಕೈಗೆ ಪಡೆಯಬೇಕಾದರೆ ಮೊದಲು ಅದರ ಮೂವತ್ತು ಪಟ್ಟು ಕೈಯಿಂದ ಹಾಕಿ ಆಡಬೇಕು. ವಾಪಸ್ ಬರುವುದು ಹಣವಲ್ಲ, ಮತ್ತೆ ಆಡಲಿಕ್ಕೆ ಮಾತ್ರ ಆಗುವ ಅಂಕಿ. ಬಾಯಿ ಕೊಡುತ್ತದೆ, ತಳದ ಅಕ್ಷರ ಕಿತ್ತುಕೊಳ್ಳುತ್ತದೆ. ಹಗಲು ದರೋಡೆಗೆ ಇವರು ಇಟ್ಟ ಹೆಸರು ಕೊಡುಗೆ.

“ಇದರಲ್ಲಿ ನಿಮಗೆ ವಿಚಿತ್ರ ಅನಿಸಿದ್ದು ಏನಾದರೂ ಉಂಟಾ?” ಪದ್ಮಾಕ್ಷಿ ಕೇಳಿದರು.

ಮುಂಡಪ್ಪ ಬರೆದರು: ‘ಮೊದಲಿನ ಪ್ರಶ್ನೆ. ಅದನ್ನು ನಾನು ಜನರಿಗೆ ಕೇಳುವುದಿಲ್ಲ.’

“ಮತ್ತೆ ಯಾರಿಗೆ ಕೇಳುವುದು?”

ಅವರು ಪೆನ್ನಿನ ಮುಚ್ಚಳ ಹಾಕಿದರು. ಕಿಟಕಿಯ ಕಡೆ ನೋಡಿದರು. ಕೈಮುಗಿದು ಎದ್ದರು.

ವಂಚನೆಯ ಕಲಂ ಮತ್ತು ಐಟಿ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಮೌಲ್ಯದ ಜಾಗವನ್ನು ಮೊಯಿದಿನಬ್ಬ ಖಾಲಿ ಬಿಟ್ಟರು.

ಮರುದಿನ ಬೆಳ್ತಂಗಡಿ. ಜಾಹೀರಾತು ನೋಡಿ ಆಡಿದವರಲ್ಲಿ ಹೇಳಿಕೆ ಕೊಡಲು ಒಪ್ಪಿದ್ದು ಅಮ್ಮಣಿ ಒಬ್ಬರೇ. ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಕಿವಿಯಲ್ಲಿ ಬೆಂಡೋಲೆಯ ಬದಲು ಕಡ್ಡಿ.

“ನೀವು ಮೊದಲು ಯಾವಾಗಲಾದರೂ ಆಡಿದ್ದುಂಟಾ?”

“ಇಸ್ಪೀಟಿನ ಎಲೆ ಮುಟ್ಟಿದವಳಲ್ಲ ನಾನು.”

“ಮತ್ತೆ ಇದನ್ನು ಹೇಗೆ ನಂಬಿದಿರಿ?”

“ಮುಂಡಪ್ಪಣ್ಣ ಹೇಳಿದ ಮೇಲೆ ನಂಬದೆ ಇರ್ತಾರಾ? ನನ್ನ ತಮ್ಮನಿಗೆ ರಕ್ತ ಬೇಕು ಅಂತ ಅವರು ಒಂದು ಸಲ ಮೈಕಿನಲ್ಲಿ ಹೇಳಿದ್ದಕ್ಕೆ ಆಸ್ಪತ್ರೆಯ ಅಂಗಳ ತುಂಬಿತ್ತು ಮೇಡಂ.” ಅಮ್ಮಣಿ ಕತ್ತರಿಯನ್ನು ಮಡಿಲ ಮೇಲಿನ ಬೀಡಿ ಎಲೆಯ ತಡ್ಪೆಗೆ ಹಾಕಿದರು. “ಆಡಲಿಕ್ಕೆ ಮಾರಿದ ಬೆಂಡೋಲೆ ಹೋಗಲಿ. ಆ ಮನುಷ್ಯ ಹೀಗೆ ಮಾಡಿದ್ರಲ್ಲ! ದಿನಾ ದೀಪ ಹಚ್ಚುವಾಗ ಅವರಿಗೆ ಶಾಪ ಹಾಕ್ತೇನೆ.”

“ಹಾಕಬೇಡಿ,” ಎಂದರು ಪದ್ಮಾಕ್ಷಿ. “ಅವರಿಗೆ ಈಗ ಮಾತೇ ಇಲ್ಲ.” ಉಳಿದದ್ದನ್ನು ನಿಧಾನವಾಗಿ ಹೇಳಿದರು.

ಅಮ್ಮಣಿ ಕಟ್ಟಿದ್ದ ಬೀಡಿಯೊಂದನ್ನು ಬಿಚ್ಚಿ ಮತ್ತೆ ಕಟ್ಟಿದರು. ಹೇಳಿಕೆಗೆ ಸಹಿ ಹಾಕುವಾಗ ಕೇಳಿದರು, “ಅವರು ಊಟ ಮಾಡ್ತಾರಾ?”

ಅಮ್ಮಣಿಯ ಮೊಬೈಲಿಗೆ ಬಂದ ಕೊಂಡಿಯ ಜಾಡು ಹಿಡಿದು ಸೈಬರ್ ವಿಭಾಗ ಕೊಟ್ಟದ್ದು ಮೂಡುಬಿದಿರೆಯ ಒಂದು ನಂಬರು, ಅಶ್ವಿತ್ ಎಂಬ ಏಜೆಂಟನದ್ದು. ಗುರುವಾರ ಮಧ್ಯಾಹ್ನ ಜೀಪು ಅತ್ತ ಹೊರಟಿತು. ದಾರಿಯಲ್ಲಿ ಪದ್ಮಾಕ್ಷಿ ಆ ಜಾಹೀರಾತನ್ನು ಮತ್ತೆ ಮತ್ತೆ ಹಾಕಿದರು. ಕೇಣುಂಡಾ? ಕೇಣುಂಡಾ?

“ಸಾಕು ಮೇಡಂ,” ಮೊಯಿದಿನಬ್ಬ ಹೇಳಿದರು. “ಮಾತಾಡದ ಮನುಷ್ಯನ ಸ್ವರ ಕೇಳುವಾಗ ಎದೆ ಒಂಥರಾ ಆಗ್ತದೆ.”

ಆಗಲೇ ಪದ್ಮಾಕ್ಷಿಗೆ ಕಂಬಳದ ಒಂದು ಬಂದೋಬಸ್ತು ನೆನಪಾಯಿತು. ಜನರಾಗಲಿ ಕೋಣಗಳಾಗಲಿ ಬಂದಿರಲಿಲ್ಲ. ಖಾಲಿ ಗದ್ದೆ. ಒಂದು ತುದಿಯಲ್ಲಿ ಮುಂಡಪ್ಪ ಉಗುರಿನಿಂದ ಮೈಕನ್ನು ಎರಡು ಸಲ ಬಡಿದಿದ್ದರು, ಟಕ್ ಟಕ್. ಆಮೇಲೆ ಮಗುವನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಕೇಳಿದ್ದರು: “ಕುಶಾಲ, ಕೇಣುಂಡಾ?” ಇನ್ನೊಂದು ತುದಿಯ ಸ್ಪೀಕರಿನ ಕೆಳಗೆ ನಿಂತವನು ಬೈರಾಸು ಎತ್ತಿ ಬೀಸಿದ್ದ. ಪಾಣೆಮಂಗಳೂರಿನ ಮೈಕ್ ಸೆಟ್ಟಿನ ಕುಶಾಲಪ್ಪ.

ಆ ಪ್ರಶ್ನೆ ಒಬ್ಬನಿಗೆ ಮಾತ್ರ ಕೇಳುವಂಥದ್ದು. ಅದರ ರೆಕಾರ್ಡಿಂಗ್ ಯಾವ ಪ್ರೇಕ್ಷಕನ ಮೊಬೈಲಿನಲ್ಲೂ ಇರಲು ಸಾಧ್ಯವಿಲ್ಲ. ಜಾಹೀರಾತಿನವರು ಹೆಸರನ್ನು ಕತ್ತರಿಸಿ ಪ್ರಶ್ನೆಯನ್ನು ಮಾತ್ರ ಉಳಿಸಿಕೊಂಡಿದ್ದರು.

ಅಶ್ವಿತ್‌ನ ಆಫೀಸು ಒಂದು ಬೇಕರಿಯ ಮಹಡಿ ಮೇಲಿನ ಕೋಣೆ. ಇಬ್ಬರು ಪಂಚರ ಎದುರು ಲ್ಯಾಪ್‌ಟಾಪ್ ಮತ್ತು ಎರಡು ಮೊಬೈಲ್ ವಶಪಡಿಸಿಕೊಂಡು ಪಂಚನಾಮೆ ಬರೆದರು.

“ಸ್ವರ ಎಲ್ಲಿಂದ ಬಂತು?”

“ಯೂಟ್ಯೂಬಿನಿಂದ ಮೇಡಂ. ಎಲ್ಲರೂ ತೆಗೀತಾರೆ.”

“ಕುಶಾಲಪ್ಪ ಕೊಟ್ಟದ್ದಾ?”

ಅಶ್ವಿತ್‌ನ ಮುಖ ಬಿಳಿಚಿತು. “ಅವರು... ಅವರೇ ಬಂದದ್ದು ಮೇಡಂ. ಪೆನ್‌ಡ್ರೈವ್ ಹಿಡ್ಕೊಂಡು.”

“ಕಂಪನಿಯವರು ಯಾರು?”

“ಗೊತ್ತಿಲ್ಲ. ಟೆಲಿಗ್ರಾಮಿನಲ್ಲಿ ಮಾತ್ರ ಮಾತು. ನಾನು ಮುಖ ನೋಡಿದ್ದಿಲ್ಲ.”

“ಅಮ್ಮಣಿಯ ಮುಖವನ್ನೂ ನೋಡಿದ್ದಿಲ್ಲವಲ್ಲ,” ಎಂದರು ಮೊಯಿದಿನಬ್ಬ. “ತೋರಿಸ್ತೇವೆ, ಬಾ.”

ಸಂಜೆ ಐದಕ್ಕೆ ಪಾಣೆಮಂಗಳೂರು. ಕುಶಾಲಪ್ಪ ಅಂಗಡಿಯ ಒಳಗೆ ವಯರು ಸುತ್ತುತ್ತಿದ್ದ. ಜೀಪು ಕಂಡದ್ದೇ ಸುತ್ತುವುದನ್ನು ನಿಲ್ಲಿಸಿ ಒಂದು ಸ್ಟೂಲು ಎಳೆದಿಟ್ಟ. “ಕೂತ್ಕೊಳ್ಳಿ ಮೇಡಂ. ನೀವು ಬರ್ತೀರಿ ಅಂತ ಗೊತ್ತಿತ್ತು.”

“ರೆಕಾರ್ಡಿಂಗ್ ನೀವೇ ಕೊಟ್ಟದ್ದಾ?”

“ಹೌದು. ಮೂವತ್ತು ವರ್ಷದ್ದು ಉಂಟು. ಅವರು ಮೈಕು ಹಿಡಿದ ದಿನವೆಲ್ಲ ನಾನು ರೆಕಾರ್ಡ್ ಮಾಡಿದ್ದೇನೆ.”

“ಯಾಕೆ ಕೊಟ್ಟಿರಿ? ಹಣಕ್ಕಾ?”

“ಒಂದು ಚಾಯ ಸಹ ಕುಡೀಲಿಲ್ಲ ಮೇಡಂ!” ಅವನ ಸ್ವರ ಏರಿತು, ಮತ್ತೆ ಇಳಿಯಿತು. “ಫೇಸ್‌ಬುಕ್ಕಿನಲ್ಲಿ ಒಂದು ಜಾಹೀರಾತು ಬಂದಿತ್ತು. ಹಳೆಯ ರೆಕಾರ್ಡಿಂಗ್ ಕೊಡಿ, ಹೋದ ಸ್ವರ ವಾಪಸ್ ಕೊಡ್ತೇವೆ, ಉಚಿತ ಅಂತ. ಕೆಳಗೆ ಈ ಅಶ್ವಿತ್‌ನ ನಂಬರು. ಹೋದೆ. ಮುಂಡಪ್ಪಣ್ಣ ಬೆರಳಲ್ಲಿ ಟೈಪ್ ಮಾಡಿದರೆ ಮೊಬೈಲು ಅವರದ್ದೇ ಸ್ವರದಲ್ಲಿ ಮಾತಾಡ್ತದೆ ಅಂದ. ಮಾಡಿಯೂ ಕೊಟ್ಟ. ಹತ್ತು ಮಾತು ಮಾತ್ರ ಉಚಿತವಂತೆ. ಆಮೇಲೆ ನಿಂತಿತು. ಮುಂದೆ ಬೇಕಾದರೆ ಸ್ವರವನ್ನು ಜಾಹೀರಾತಿಗೆ ಬಿಟ್ಟುಕೊಡಿ ಅಂದ. ಜಾಹೀರಾತಿನ ತುಳು ಸಾಲುಗಳನ್ನು ಸಹ ನನ್ನ ಕೈಯಲ್ಲೇ ಬರೆಸಿದ.”

“ಸುಳ್ಳು ಅಂತ ಗೊತ್ತಿತ್ತಾ?”

ಕುಶಾಲಪ್ಪ ವಯರಿನ ಸುರುಳಿಯನ್ನು ಮೊಣಕಾಲ ಮೇಲಿಟ್ಟ. “ಗೊತ್ತಿತ್ತು. ಅರ್ಧ. ಇನ್ನರ್ಧ ನಾನೇ ಗೊತ್ತು ಮಾಡ್ಕೊಳ್ಳಲಿಲ್ಲ.”

“ಬಿಟ್ಟುಕೊಟ್ಟ ಮೇಲೆ ಮೊಬೈಲು ಮಾತಾಡಿತಾ?”

“ಇಲ್ಲ ಮೇಡಂ.”

“ಆ ಹತ್ತು ಮಾತನ್ನು ಅವರಿಗೆ ಕೇಳಿಸಿದಿರಾ?”

“ಕೇಳಿಸ್ಲಿಕ್ಕೆ ಆಗಲಿಲ್ಲ.” ಅವನು ತಲೆ ತಗ್ಗಿಸಿದ. “ಹತ್ತನ್ನೂ ನಾನೇ ಖರ್ಚು ಮಾಡಿದೆ. ಹತ್ತು ಸಲವೂ ಒಂದೇ ಮಾತು ಟೈಪ್ ಮಾಡಿದ್ದು.”

ಯಾವ ಮಾತು ಎಂದು ಪದ್ಮಾಕ್ಷಿ ಕೇಳಲಿಲ್ಲ. ದಸ್ತಗಿರಿಯ ಪತ್ರಕ್ಕೆ ಸಹಿ ಹಾಕಿಸಿದರು. ಮೊಯಿದಿನಬ್ಬ ಕೈಕೋಳ ಹಾಕಲಿಲ್ಲ. “ಶಟರ್ ಹಾಕಿ ಬನ್ನಿ ಕುಶಾಲಪ್ಪಣ್ಣ,” ಎಂದರು ಅಷ್ಟೆ.

ಮರುದಿನ ಬೆಳಿಗ್ಗೆ ಇಬ್ಬರನ್ನೂ ನ್ಯಾಯಾಲಯಕ್ಕೆ ಕರೆದೊಯ್ಯುವ ಮೊದಲು ಪದ್ಮಾಕ್ಷಿ ವರದಿ ಬರೆದರು. ಆರೋಪಿ ಒಂದು, ಅಶ್ವಿತ್, ಮೂಡುಬಿದಿರೆ. ಆರೋಪಿ ಎರಡು, ಕುಶಾಲಪ್ಪ, ಪಾಣೆಮಂಗಳೂರು. ಆರೋಪಿ ಮೂರು, ಜೂಜಿನ ಕಂಪನಿ, ವಿಳಾಸ ತಿಳಿದಿಲ್ಲ. ಪೆನ್ನು ಅಲ್ಲಿ ಕಾಗದವನ್ನು ಒತ್ತಿ ತೂತು ಮಾಡಿತು. ಸ್ವರ ಹೋದವನ ವಿಳಾಸ, ಬೆಂಡೋಲೆ ಹೋದವಳ ವಿಳಾಸ, ಗೆಳೆಯನ ಸ್ವರಕ್ಕೆ ಹಸಿದವನ ವಿಳಾಸ, ಇವೆಲ್ಲ ಆ ಕಂಪನಿಗೆ ಸರಿಯಾಗಿ ಗೊತ್ತಿತ್ತು. ಅದರ ವಿಳಾಸ ಮಾತ್ರ ಸರಕಾರದ ಯಾವ ಕಚೇರಿಗೂ ಗೊತ್ತಿರಲಿಲ್ಲ.

ಹೊರಗೆ ಮುಂಡಪ್ಪ ಬಂದು ನಿಂತಿದ್ದರು. ಅವರ ಪಕ್ಕದಲ್ಲಿ, ಬೆಳ್ತಂಗಡಿಯಿಂದ ಮೊದಲ ಬಸ್ಸಿಗೆ ಬಂದ ಅಮ್ಮಣಿ, ಕೈಯಲ್ಲೊಂದು ಹಿಡಿಕೆಯುಳ್ಳ ಸ್ಟೀಲಿನ ತೂಕುಪಾತ್ರೆ ಹಿಡಿದಿದ್ದರು. “ತೆಳ್ಳಗಿನ ಗಂಜಿ ಮೇಡಂ. ಇಳೀತದಂತೆ ಅವರಿಗೆ.”

“ಕೊಟ್ಟದ್ದು ಕುಶಾಲಪ್ಪ ಅಂತ ದೂರು ಕೊಡುವಾಗಲೇ ನಿಮಗೆ ಗೊತ್ತಿತ್ತಲ್ಲ?” ಪದ್ಮಾಕ್ಷಿ ಮೆಲ್ಲಗೆ ಕೇಳಿದರು.

ಮುಂಡಪ್ಪ ಹೌದೆಂದು ತಲೆಯಾಡಿಸಿದರು. ಕಾಗದ ತೆಗೆದು ಬರೆದರು: ‘ಜನ ಮೋಸ ಹೋಗುವುದು ನಿಲ್ಲಬೇಕಿತ್ತು. ಹೆಸರು ಬರೆಯಲು ಕೈ ಬರಲಿಲ್ಲ.’

ಪದ್ಮಾಕ್ಷಿ ಲಾಕಪ್ಪಿನ ಕಡೆಗೆ ಕೈ ತೋರಿಸಿದರು. ಕುಶಾಲಪ್ಪ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದ, ಹೆಜ್ಜೆ ಸಪ್ಪಳಕ್ಕೂ ತಿರುಗಲಿಲ್ಲ. ಮುಂಡಪ್ಪ ಸರಳುಗಳ ಹತ್ತಿರ ಹೋಗಿ ನಿಂತರು. ಗಂಟಲಿನ ತೂತಿನಿಂದ ಉಸಿರು ಸುಯ್ಯೆಂದು ಬಂದು ಹೋಯಿತು. ಆಮೇಲೆ ಕೈ ಎತ್ತಿ, ಉಗುರಿನಿಂದ ಕಬ್ಬಿಣದ ಸರಳನ್ನು ಎರಡು ಸಲ ಬಡಿದರು.

ಟಕ್ ಟಕ್.

ಒಳಗಿದ್ದವನ ಬೆನ್ನು ನೆಟ್ಟಗಾಯಿತು. ಅವನು ತಿರುಗದೆಯೇ ಹೆಗಲ ಮೇಲಿನ ಬೈರಾಸನ್ನು ತೆಗೆದು ಮೆಲ್ಲಗೆ ಮೇಲೆತ್ತಿದ.

“ಕೇಣುಂಡು ಮುಂಡಪ್ಪಣ್ಣ,” ಎಂದ. “ಕೇಣುಂಡು.”