ಬಾರ್ ಎದುರು ನಿಂತವನು

ಬನಶಂಕರಿ ಸಿಗ್ನಲ್ ದಾಟಿದ ಕೂಡಲೇ ಶ್ರೀದೇವಿ ಸ್ಕೂಟರ್ ನಿಲ್ಲಿಸಿದಳು. ಬೆಳಗ್ಗೆ ಹನ್ನೊಂದು ಗಂಟೆ. ಬಾರ್ ಎದುರು ನಿಂತಿದ್ದವನು ಶಿವರಾಜ್, ವರ್ಷದ ಹಿಂದೆ ಅವಳು ಬಿಟ್ಟುಬಂದ ಗಂಡ.

ನೋಡದ ಹಾಗೆ ಹೋಗಿಬಿಡಬಹುದಿತ್ತು. ಮನಸ್ಸು ಕೇಳಲಿಲ್ಲ.

"ಕುಡಿಯೋದು ಬಿಟ್ಟಿದೀನಿ ಅಂತ ಎಲ್ಲರ ಹತ್ರ ಹೇಳ್ಕೊಂಡ್ಯಲ್ಲ. ಇದೇನಾ ಬಿಟ್ಟಿದ್ದು?"

ಅವನು ಬೆಚ್ಚಿ ತಿರುಗಿದ. ಕಣ್ಣು ಕೆಂಪಗಿತ್ತು. ಉಸಿರಲ್ಲಿ ವಾಸನೆಯಿರಲಿಲ್ಲ.

"ಕುಡಿದಿಲ್ಲ ಶ್ರೀ. ನೂರಾ ಹನ್ನೆರಡು ದಿನ ಆಯ್ತು. ಇವತ್ತು ಆಗ್ತಿಲ್ಲ. ಮುಕ್ಕಾಲು ಗಂಟೆಯಿಂದ ನಿಂತಿದೀನಿ. ಒಳಗೂ ಹೋಗಕ್ಕಾಗ್ತಿಲ್ಲ, ಮನೆಗೂ ಹೋಗಕ್ಕಾಗ್ತಿಲ್ಲ."

"ಏನಾಯ್ತು?"

"ನಿನ್ನ ಲಾಯರಿಂದ ಡೈವೋರ್ಸ್ ನೋಟಿಸ್ ಬಂತು."

ಅವನ ಕೈ ಹಿಡಿದುಬಿಟ್ಟೇನೆಂಬ ಹೆದರಿಕೆಗೆ ಅವಳು ಹ್ಯಾಂಡಲ್ಲನ್ನೇ ಬಿಗಿಯಾಗಿ ಹಿಡಿದಳು.

"ಗಾಡಿ ಹತ್ತು," ಎಂದಳು.

ಕುಮಾರಸ್ವಾಮಿ ಲೇಔಟ್‌ವರೆಗೂ ಅವನು ಹಿಂದಿನ ಕಂಬಿ ಹಿಡಿದು ದೂರವೇ ಕೂತಿದ್ದ. ಒಂದು ಹಂಪ್‌ನಲ್ಲಿ ಮಾತ್ರ ಅವನ ಹಣೆ ಅವಳ ಹೆಗಲಿಗೆ ತಗುಲಿತು. ಅವಳು ಸರಿಯಲಿಲ್ಲ.

ಹೋಟೆಲಿನಲ್ಲಿ ಕಾಫಿ ಲೋಟವನ್ನು ಅವನು ಎರಡೂ ಕೈಯಲ್ಲಿ ಹಿಡಿದ.

"ನಿನ್ನ ಆಪರೇಷನ್ ದಿನ ನಾನು ಎಲ್ಲಿ ಬಿದ್ದಿದ್ದೆ ಅಂತ ನಂಗಿನ್ನೂ ನೆನಪಾಗ್ತಿಲ್ಲ. ತಪ್ಪಾಯ್ತು ಶ್ರೀ. ಆದ್ರೆ ಈ ನೂರಾ ಹನ್ನೆರಡು ದಿನ ಒಂದೊಂದೂ ನೆನಪಿದೆ. ನಿನ್ನೆ ಯಾರಿಗೆ ಏನಂದೆ ಅನ್ನೋ ಭಯ ಇಲ್ಲ. ನಿದ್ದೆ ಬರತ್ತೆ. ಹಸಿವಾಗತ್ತೆ. ಹೇಳ್ಕೊಳಕ್ಕೆ ನೀನಿಲ್ಲ, ಅಷ್ಟೇ."

ಅವಳಿಗೆ ಅಳು ಬಂತು. ಅಳು ಬಂದಿದ್ದಕ್ಕೆ ಕೋಪವೂ ಬಂತು.

"ನಾನು ವಾಪಸ್ ಬರ್ತೀನಿ ಅನ್ನೋ ಆಸೆಗೆ ಕುಡಿಯೋದು ಬಿಡಬೇಡ."

"ಬರದೇ ಇದ್ರೂ ಬಿಟ್ಟೇ ಇರಬೇಕಲ್ಲ. ಅದೇ ಭಯ ನಂಗೆ."

ಅವಳು ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. ಕೆನ್ನೆ ತುಂಬಿಕೊಂಡಿತ್ತು.

"ದಪ್ಪ ಆಗಿದೀಯ."

"ಹಸಿವಾಗತ್ತೆ ಅಂದ್ನಲ್ಲ."

ಇಬ್ಬರೂ ನಕ್ಕುಬಿಟ್ಟರು. ತಕ್ಷಣ ಇಬ್ಬರೂ ಬೇರೆ ಕಡೆ ನೋಡಿದರು.

ಏಳುವಾಗ ಅವಳೆಂದಳು: "ಸಂಜೆ ಏಳಕ್ಕೆ ಫೋನ್ ಮಾಡು. ಕುಡಿದಿದ್ರೆ ಮಾಡಬೇಡ. ಧ್ವನಿ ಕೇಳಿದ್ರೆ ನಂಗೆ ಗೊತ್ತಾಗತ್ತೆ."

ಆರೂವರೆಗೇ ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಏಳಾಯಿತು. ಏಳೂ ಹತ್ತಾಯಿತು. ಬನಶಂಕರಿಯ ಬಾರ್‌ಗಳನ್ನೆಲ್ಲ ಹುಡುಕುತ್ತ ಹೊರಡಲೆಂದು ಚಪ್ಪಲಿ ಹಾಕಿಕೊಂಡಳು. ಏಳೂವರೆಗೆ ಫೋನ್ ಹೊಡೆದುಕೊಂಡಿತು.

"ಸಾರಿ ಶ್ರೀ. ಕುಡಿಯೋದು ಬಿಟ್ಟವರ ಮೀಟಿಂಗಿಗೆ ಬಂದಿದ್ದೆ. ಫೋನ್ ಆಫ್ ಮಾಡಿಸ್ತಾರೆ." ಒಂದು ಮಾತೂ ತೊದಲಲಿಲ್ಲ. "ಇವತ್ತಿನ ದಿನ ಹೇಗೋ ದಾಟ್ತು."

ಅವಳು ಗೋಡೆಗೊರಗಿ ಕಣ್ಣು ಮುಚ್ಚಿದಳು.

"ನಾಳೆನೂ ಫೋನ್ ಮಾಡು," ಎಂದಳು. "ಲೇಟ್ ಮಾತ್ರ ಮಾಡಬೇಡ ಕಣೋ. ಜೀವ ಹೋಗತ್ತೆ ನಂಗೆ."