ಅವರೆಕಾಯಿ, ಕೊಡೆ, ಗಂಟೆ

“ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ. ಸ್ವಲ್ಪ ಹೊತ್ತಾದ್ಮೇಲೆ ಕೇಳ್ತೀನಿ,” ಎಂದಳು ತೇಜಸ್ವಿನಿ, ಹಾಳೆಯಿಂದ ತಲೆ ಎತ್ತದೆ.

“ಅವರೆಕಾಯಿ, ಕೊಡೆ, ಗಂಟೆ.”

ಹೇಳಿದ್ದು ಎದುರಿಗೆ ಕೂತವರು. ಪದಗಳನ್ನು ಅವಳು ಇನ್ನೂ ಹೇಳಿರಲೇ ಇಲ್ಲ. ತಲೆ ಎತ್ತಿದಳು. ಕನ್ನಡಕದ ಮೇಲಿಂದ ಇಣುಕುವ ಅದೇ ತುಂಟ ಕಣ್ಣು. ಮೀಸೆ ಮಾತ್ರ ಬೆಳ್ಳಗಾಗಿತ್ತು.

“ಯೋಗಾನಂದ್?”

“ಪರವಾಗಿಲ್ಲ ಮೇಡಂ, ನಿಮ್ಮ ನೆನಪು ಚೆನ್ನಾಗೇ ಇದೆ. ಫುಲ್ ಮಾರ್ಕ್ಸ್.”

ವಯಸ್ಸಾದವರ ಮನಸ್ಸನ್ನು ಓದುತ್ತಲೇ ತೇಜಸ್ವಿನಿಗೆ ವಯಸ್ಸಾಗಿತ್ತು. ಮರೆವು, ಒಂಟಿತನ, ಇಳಿವಯಸ್ಸಿನ ಖಿನ್ನತೆ ಎಂದು ಪೇಪರ್ ಮೇಲೆ ಪೇಪರ್ ಬರೆದು ಪ್ರೊಫೆಸರ್ ಆಗಿದ್ದಳು. ಬಸವನಗುಡಿಯ ಹಳೇ ಮನೆಯೊಂದರಲ್ಲಿ ಅವಳ ಸಂಶೋಧನಾ ಕೇಂದ್ರ. ಮದುವೆ ಯಾವತ್ತೋ ಆಗಬೇಕಿತ್ತು, ಆಗಲಿಲ್ಲ.

ಅವಳ ಮೊದಲ ಪ್ರಾಜೆಕ್ಟಿನಲ್ಲಿ ಯೋಗಾನಂದ ಜೊತೆಗಿದ್ದ. ಆಗಷ್ಟೇ ಕನ್ನಡ ಎಂ.ಎ. ಮುಗಿಸಿದ ಹುಡುಗ. ನೆನಪಿನ ಪರೀಕ್ಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವನೇ ಅವನು. ಅವಳು ‘ಸೇಬು’ ಎಂದು ಬರೆದದ್ದನ್ನು ಹೊಡೆದುಹಾಕಿ ‘ಅವರೆಕಾಯಿ’ ಮಾಡಿದ್ದ.

“ನಮ್ಮಮ್ಮ ಮಾರ್ಕೆಟ್ಟಲ್ಲಿ ತರಕಾರಿ ಮಾರ್ತಾರೆ ಮೇಡಂ. ನಮ್ಮೂರಿನ ಅಜ್ಜೀರು ಏನ್ ಮರೆತರೂ ಅವರೆಕಾಯಿ ಮರೆಯಲ್ಲ.”

“ಮರೀತಾರಾ ಅಂತ ನೋಡೋಕೇ ಅಲ್ವೇನ್ರೀ ಟೆಸ್ಟು?”

ಆ ಜಗಳ ಮುಗಿಯುವಷ್ಟರಲ್ಲಿ ಇಬ್ಬರ ನಡುವೆ ಇನ್ನೇನೋ ಶುರುವಾಗಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವನ ಮನೆಯವರು ಹುಡುಗಿ ನೋಡಿದರು. ಅವನು ತಂದ ಲಗ್ನಪತ್ರಿಕೆಯನ್ನು ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು, “ಪ್ರಿಂಟ್ ಚೆನ್ನಾಗಿದೆ” ಎಂದಿದ್ದಳು.

ಈಗ ಅವನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಲೆಕ್ಚರರ್ ಕೆಲಸದಿಂದ ರಿಟೈರಾಗಿ ಎನ್.ಆರ್. ಕಾಲೋನಿಯಲ್ಲಿ ಅಕ್ಕ ಶೈಲಜಮ್ಮನ ಜೊತೆಗಿದ್ದ. ಮರೆವಿನವರ ಜೊತೆ ಹೋಲಿಸಿ ನೋಡಲು ನೆನಪು ಚೆನ್ನಾಗಿರುವ ಹಿರಿಯರು ಬೇಕಾಗಿದ್ದಾರೆಂದು ಕೇಳಿ ಬಂದಿದ್ದ.

ಪ್ರಶ್ನೆಗಳನ್ನು ಬರೆದವನನ್ನೇ ಪರೀಕ್ಷೆಗೆ ಕೂರಿಸಬಾರದು. ಅದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ತೇಜಸ್ವಿನಿಗೆ ಗೊತ್ತಿಲ್ಲವೇ? ಆದರೆ ಬೇಡ ಎಂದರೆ ಅವನು ಮತ್ತೆ ಬರುವುದಿಲ್ಲ. ಅವಳು ಅವನ ಹೆಸರು ಸೇರಿಸಿದಳು.

ಅಲ್ಲಿಂದ ಪ್ರತಿ ಭಾನುವಾರ ಗಾಂಧಿ ಬಜಾರಿನಲ್ಲಿ ಕಾಫಿ, ಆಮೇಲೆ ಪಾರ್ಕಿನ ಬೆಂಚು. ಅವನು ಕಡಲೆಕಾಯಿ ಸುಲಿದು ಕಾಳನ್ನೆಲ್ಲ ಅವಳ ಅಂಗೈಗೆ ಹಾಕುವನು. ಸಿಪ್ಪೆ ಮಾತ್ರ ಅವನ ಜೇಬಿಗೆ.

“ನಿಮಗೆ ಬೇಡ್ವಾ?”

“ನೀವು ತಿನ್ನೋದನ್ನ ನೋಡ್ತಿದೀನಲ್ಲ.”

ಒಂದು ಸಂಜೆ ಕಡಲೆಕಾಯಿ ಸುಲಿಯುತ್ತಲೇ ಕೇಳಿಬಿಟ್ಟ. “ಮೇಡಂ, ಇನ್ನು ಮುಂದಾದ್ರೂ ಒಂದೇ ಮನೇಲಿ ಇರೋಣ್ವಾ? ಸುಲ್ತಾನ್‌ಪೇಟೆಗೆ ಹೋಗಿ ಮದುವೆ ಕಾರ್ಡ್ ಆರಿಸೋಣ. ಪ್ರಿಂಟ್ ಚೆನ್ನಾಗಿರೋದು.”

ಅವಳ ಕಿವಿ ಬಿಸಿಯಾಯಿತು. ಈ ವಯಸ್ಸಿನಲ್ಲಿ. “ಮುಂದಿನ ಭಾನುವಾರ ಹೇಳ್ತೀನಿ,” ಎಂದಳು.

ಆ ಭಾನುವಾರ ಮಾವಿನ ಚಿಗುರಿನ ಬಣ್ಣದ ಸೀರೆ ಉಟ್ಟು ಬಂದಳು. ‘ಹೂಂ’ ನಾಲಿಗೆಯ ತುದಿಯಲ್ಲೇ ಇತ್ತು. ಅವನು ಮೆಟ್ರೋ ರಶ್ಶಿನ ಬಗ್ಗೆ ಮಾತಾಡಿದ, ಅವರೆಕಾಯಿಯ ಸೊಗಡಿನ ಬಗ್ಗೆ ಮಾತಾಡಿದ, ಸೀರೆ ಚೆನ್ನಾಗಿದೆ ಎಂದ, ಎದ್ದು ಹೋದ. ಉತ್ತರ ಕೇಳಲಿಲ್ಲ. ಮರುವಾರವೂ ಇಲ್ಲ.

ಕೇಳಿದ್ದಕ್ಕೆ ಅವನಿಗೆ ಈಗ ಪಶ್ಚಾತ್ತಾಪವೇನೋ ಎಂದುಕೊಂಡಳು. ತಡೆಯಲಾರದೆ ಎನ್.ಆರ್. ಕಾಲೋನಿಗೇ ಹೋದಳು.

ಬಾಗಿಲು ತೆಗೆದ ಶೈಲಜಮ್ಮ ನಕ್ಕರು. “ಬನ್ನಿ ಬನ್ನಿ, ಅವನು ಒಳಗೆ ಪೇಪರ್ ಓದ್ತಿದಾನೆ. ನೀವೇ ಅವನಿಗೆ ಸ್ವಲ್ಪ ಧೈರ್ಯ ಕೊಡಿ ಪುಣ್ಯಾತ್ಗಿತ್ತಿ. ದಿನಾ ಬೆಳಗ್ಗೆ ಹೇಳ್ತಾನೆ, ‘ಅಕ್ಕ, ಈ ಭಾನುವಾರ ಅವರನ್ನ ಮದುವೆಗೆ ಕೇಳೇಬಿಡ್ತೀನಿ’ ಅಂತ. ಬಾಯೇ ಬರಲ್ಲ ಪಾಪ.”

ತೇಜಸ್ವಿನಿ ಹೊಸ್ತಿಲಲ್ಲೇ ನಿಂತಳು. ಅವನು ಕೇಳಿಯಾಗಿತ್ತು. ಕೇಳಿದ್ದೇ ಅವನಿಗೆ ನೆನಪಿರಲಿಲ್ಲ.

ಒಳಗೆ ಹೋಗಿ ಅವನ ಎದುರು ಕೂತಳು. “ಯೋಗಾನಂದ್, ಮೂರು ಪದ ಹೇಳ್ತೀನಿ. ಹಗ್ಗ, ಕನ್ನಡಿ, ನುಗ್ಗೆಕಾಯಿ.”

“ಓ, ಮನೆಗೇ ಬಂತಾ ಟೆಸ್ಟು,” ಎಂದು ನಕ್ಕು, ಮೂರನ್ನೂ ಸರಿಯಾಗಿ ಹೇಳಿದ.

ಶೈಲಜಮ್ಮ ಕಾಫಿ ತಂದರು. ಲೋಟ ಖಾಲಿಯಾದ ಮೇಲೆ ಕೇಳಿದಳು. “ಆ ಮೂರು ಪದ?”

“ಅವರೆಕಾಯಿ, ಕೊಡೆ, ಗಂಟೆ,” ಎಂದ ಯೋಗಾನಂದ, ಬಲು ಹೆಮ್ಮೆಯಿಂದ.

ಅವಳೇ ಅವನ ಹೆಸರನ್ನು ಅಧ್ಯಯನದಿಂದ ತೆಗೆದಳು. ಅವಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸ್ಕ್ಯಾನ್ ನೋಡಿ ಅವರು ಹೇಳಿದ್ದು, ಎಷ್ಟೋ ಮನೆಯವರನ್ನು ಎದುರು ಕೂರಿಸಿಕೊಂಡು ಅವಳೇ ವಿವರಿಸಿದ್ದ ಮರೆವಿನ ಕಾಯಿಲೆ. ಈ ಸಲ ಮನೆಯವರ ಕುರ್ಚಿಯಲ್ಲಿ ಅವಳು ಕೂತಿದ್ದಳು.

ವಾಪಸ್ಸು ಬರುವಾಗ ಆಟೋದಲ್ಲಿ ಅವನೇ ಮಾತು ತೆಗೆದ. “ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ ಮೇಡಂ. ಇನ್ನು ಕೇಳಲ್ಲ.”

“ಯಾಕೆ?”

“ಇಷ್ಟು ವರ್ಷ ಕೆಲಸದಲ್ಲಿ ನೋಡಿದ್ದನ್ನೇ ನೀವು ಮನೆಗೆ ಬಂದೂ ನೋಡೋ ಹಾಗೆ ನಾನು ಮಾಡಲ್ಲ.”

“ನಾನು ನೋಡ್ಕೊಳ್ತೀನಿ ಅಂದ್ರೆ?”

“ಬೇಡ. ತಲೆ ಸರಿ ಇರೋವಾಗ್ಲೇ ಇದೊಂದನ್ನ ನಾನೇ ತೀರ್ಮಾನ ಮಾಡ್ತೀನಿ. ಬಿಟ್ಬಿಡಿ.”

ಅವಳು ಬಿಟ್ಟಳು. ಅವನು ಅದನ್ನೂ ಮರೆತ.

ಭಾನುವಾರ ಬೆಂಚಿನ ಮೇಲೆ ಕೂತು, ಹೊಚ್ಚ ಹೊಸದಾಗಿ ಕೇಳಿದ. “ಮೇಡಂ, ಒಂದೇ ಮನೇಲಿ ಇರೋಣ್ವಾ?”

ಒಂದು ‘ಹೂಂ’ ಸಾಕಿತ್ತು. ಶೈಲಜಮ್ಮನಿಗೆ ಸಂತೋಷ, ಅವನಿಗೂ ಸಂತೋಷ. ಆದರೆ ಆಟೋದಲ್ಲಿ ಬೇಡ ಎಂದವನೂ ಇವನೇ. ಮರೆವಿನವರ ಒಪ್ಪಿಗೆಯನ್ನು ಒಂದೇ ಸಲ ತೆಗೆದುಕೊಂಡು ಕೈತೊಳೆದುಕೊಳ್ಳಬಾರದು, ಪ್ರತಿ ಸಲವೂ ಇರುವುದನ್ನೆಲ್ಲ ಹೇಳಿ ಹೊಸದಾಗಿ ಕೇಳಬೇಕು ಎಂದು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಾ ಬಂದವಳು ಅವಳು. ತನಗೆ ಬೇಕಾದಾಗ ಹೇಗೆ ಮುರಿಯುವುದು?

“ಅದಕ್ಕೂ ಮುಂಚೆ ಒಂದು ವಿಷಯ ನೆನಪು ಮಾಡ್ತೀನಿ,” ಎಂದು ಕಾಯಿಲೆಯ ವಿಷಯ, ಆಟೋದಲ್ಲಿ ಅವನೇ ಬೇಡ ಎಂದದ್ದು, ಎಲ್ಲವನ್ನೂ ಹೇಳಿದಳು. ಅವನ ಮುಖ ಇಳಿಯುತ್ತಾ ಹೋಯಿತು.

“ಹಾಗಾದ್ರೆ ನಾನು ಕೇಳಿಲ್ಲ ಅಂದ್ಕೊಳ್ಳಿ,” ಎಂದ.

ವಾರ ವಾರವೂ ಇದೇ. ಅವನು ಕೇಳುವನು. ಅವಳು ಹೇಳುವಳು. ಅವನು ಮಾತನ್ನು ವಾಪಸ್ಸು ತೆಗೆದುಕೊಳ್ಳುವನು. ಪ್ರತಿ ಸಲವೂ ಆ ಸುದ್ದಿ ಅವನಿಗೆ ಹೊಸದು, ಆ ನೋವೂ ಹೊಸದು. ಮನೆಗೆ ಬಂದು ತೇಜಸ್ವಿನಿ ಮುಖ ತೊಳೆಯುತ್ತಾ ಅಳುತ್ತಿದ್ದಳು. ಅವರೆಕಾಯಿ ಕಾಲ ಕಳೆದು ಮಾವಿನಕಾಯಿ ಬಂದರೂ ಅವನು ಕೇಳುವುದನ್ನು ಬಿಡಲಿಲ್ಲ.

ಒಂದು ಭಾನುವಾರ ಮಾತ್ರ, ಎಲ್ಲ ಕೇಳಿಸಿಕೊಂಡ ಮೇಲೆ ಅವನು ಕಡಲೆಕಾಯಿ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ.

“ಒಂದು ವೇಳೆ ಈ ಕಾಯಿಲೆ ಇಲ್ದೇ ನಾನು ಕೇಳಿದ್ದಿದ್ರೆ, ಏನಂತಿದ್ರಿ?”

ಇದನ್ನು ಅವನು ಯಾವತ್ತೂ ಕೇಳಿರಲಿಲ್ಲ.

“ಹೂಂ ಅಂತಿದ್ದೆ.”

“ನಿಜವಾಗ್ಲೂ?”

“ಲಗ್ನಪತ್ರಿಕೆ ತಂದ್ರಲ್ಲ, ಅವತ್ತು ಕೇಳಿದ್ರೂ ಹೂಂ ಅಂತಿದ್ದೆ.”

ಅವನ ಕಣ್ಣಲ್ಲಿ ಆ ಹಳೇ ತುಂಟತನ ತಿರುಗಿ ಬಂತು. “ಮತ್ತೆ ಪ್ರಿಂಟ್ ಚೆನ್ನಾಗಿದೆ ಅಂದ್ರಿ?”

“ಚೆನ್ನಾಗೇ ಇತ್ತು,” ಎಂದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ನನಗೆ ಇಷ್ಟು ಸಾಕು ಮೇಡಂ.” ಕಾಳು ಸುಲಿದು ಅವಳ ಅಂಗೈಗೆ ಹಾಕಿದ. ತಕ್ಷಣ ಕೈ ತೆಗೆಯಲಿಲ್ಲ. ಹೂವಿನಂಗಡಿಗಳ ದೀಪ ಹತ್ತಿದವು. ಪಾರ್ಕಿನಲ್ಲಿ ವಾಕಿಂಗ್ ಬಂದವರೆಲ್ಲ ಮನೆಗೆ ಹೊರಟರು. ಪೊಟ್ಟಣ ಖಾಲಿಯಾಯಿತು.

ಯೋಗಾನಂದ ಸಿಪ್ಪೆಯನ್ನು ಜೇಬಿಗೆ ತುಂಬಿಕೊಂಡು, ಗಂಟಲು ಸರಿಮಾಡಿಕೊಂಡು, ಸ್ವಲ್ಪ ನಾಚಿಕೊಂಡ.

“ಮೇಡಂ, ಬಹಳ ದಿನದಿಂದ ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು.”

ತೇಜಸ್ವಿನಿ ಅವನ ಕಡೆಗೆ ತಿರುಗಿ ಕೂತಳು. “ಕೇಳಿ,” ಎಂದಳು.