ತಗಡಿನ ದನಿ

"ಆ ಹಾಡು ಇದ್ರೆ ನಾನಿರಲ್ಲ!"

ಧ್ವನಿಮುದ್ರಣ ಕಂಪನಿಯ ಗಾಜಿನ ಕೋಣೆಯಲ್ಲಿ ಅವಳ ಮಾತು ಚಾಟಿಯಂತೆ ಬಡಿಯಿತು. ಮೇಜಿನ ಆ ತುದಿಯಲ್ಲಿ ಕುಳಿತಿದ್ದವನು ತಲೆಯೆತ್ತಿದ.

ಒಂಬತ್ತು ವರ್ಷ! ಒಂಬತ್ತು ವರ್ಷಗಳ ನಂತರ ಆ ಕಣ್ಣುಗಳನ್ನು ಅವಳು ಇಷ್ಟು ಹತ್ತಿರದಿಂದ ನೋಡುತ್ತಿದ್ದಳು. ಕೆನ್ನೆಯ ಪಕ್ಕದ ಕೂದಲು ನರೆತಿತ್ತು. ನೋಟ ಮಾತ್ರ ಹಾಗೆಯೇ ಇತ್ತು... ಏನನ್ನೋ ಹೇಳಹೊರಟು ನುಂಗಿಕೊಂಡವನ ನೋಟ.

'ನೋಡಬಾರದು. ಈ ಕಣ್ಣುಗಳನ್ನು ನಂಬಿಯೇ ಅಲ್ಲವೇ ನಾನು ಕೆಟ್ಟದ್ದು!'

"ಆ ಹಾಡು ಇರ್ಲೇಬೇಕು," ಎಂದನವನು ಶಾಂತವಾಗಿ. "ಇಲ್ದಿದ್ರೆ ನನ್ನ ಒಪ್ಪಿಗೆಯೂ ಇಲ್ಲ."

"ನೋಡಿದ್ರಾ ಮೇಡಂ? ಗಾಯದ ಮೇಲೆ ಬರೆ ಎಳೆಯೋದು ಇವರಿಗೆ ಹಳೇ ಚಟ!"

ಕಂಪನಿಯ ಮೇಡಂ ಏನೂ ತೋಚದೆ ಪೆನ್ನಿನ ಮುಚ್ಚಳ ಹಾಕಿದಳು. ತಂಡದ ಮೂರನೆಯವ, ಡ್ರಮ್ ಬಾರಿಸುವ ಗುಡುಗಣ್ಣ, "ಇಷ್ಟು ವರ್ಷ ಆದ್ರೂ ಇವರಿಬ್ಬರ ಜುಗಲ್ಬಂದಿಯಲ್ಲಿ ತಾಳ ತಪ್ಪಿಲ್ಲ ನೋಡಿ," ಎಂದು ನಗಿಸಲು ನೋಡಿದ.

ಯಾರೂ ನಗಲಿಲ್ಲ.

ಒಂದು ಕಾಲಕ್ಕೆ ಈ ಮೂವರ ಪಾಪ್ ತಂಡದ ಹಾಡು ಕೇಳದ ಮನೆಯಿರಲಿಲ್ಲ. ಹಾಡುವವಳು ಅವಳು, ಅಭಿಮಾನಿಗಳ ಬಾಯಲ್ಲಿ ಗುಬ್ಬಿ. ರಾಗ ಕಟ್ಟಿ, ಕೀಬೋರ್ಡ್ ನುಡಿಸಿ, ಕೊನೆಗೆ ಎಲ್ಲ ದನಿಗಳನ್ನೂ ಹದವಾಗಿ ಬೆರೆಸುತ್ತಿದ್ದವನು ಅವನು; ಕಂಡಲ್ಲೆಲ್ಲ ತಪ್ಪು ಹಿಡಿಯುವ ಚಾಳಿಯಿಂದಾಗಿ ಮೇಷ್ಟ್ರು. ಗುಬ್ಬಿಗೂ ಮೇಷ್ಟ್ರಿಗೂ ಮದುವೆಯೆಂಬುದು ಎರಡೂ ಮನೆಗಳು ಆಡದೆಯೇ ಒಪ್ಪಿಕೊಂಡಿದ್ದ ಮಾತಾಗಿತ್ತು.

ಆಗ ಹೊರಗಿನ ಸಂಗೀತ ನಿರ್ದೇಶಕರೊಬ್ಬರು ಅವಳೊಬ್ಬಳನ್ನೇ ಹಾಡಲು ಕರೆದರು. ಅವನು ಮುನಿದ. "ರೆಕ್ಕೆ ಬಲಿತಿದೆ, ಹಾರು," ಎಂದ. ಅವಳೂ ಹಟದಿಂದಲೇ ಹೋದಳು. ಅವಳು ಹಾಡಿಟ್ಟು ಹೋಗಿದ್ದ ಕೊನೆಯ ಆಲ್ಬಮ್ಮನ್ನು ಅವನು ಬಾಗಿಲು ಹಾಕಿಕೊಂಡು, ಯಾರನ್ನೂ ಒಳಗೆ ಬಿಡದೆ, ಒಬ್ಬನೇ ಕುಳಿತು ಬೆರೆಸಿ ಮುಗಿಸಿದ.

ಅದು ಹೊರಬಂದ ದಿನ ಅವಳಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ. ಮೇಲಿನ ಸ್ವರಗಳೆಲ್ಲ ಕಿರುಚುತ್ತಿದ್ದವು. 'ಸ'ಕಾರ ಬಂದಲ್ಲೆಲ್ಲ ಹಾವು ಬುಸುಗುಟ್ಟಿದಂತೆ ಕೇಳುತ್ತಿತ್ತು. 'ತಗಡಿನ ಮೇಲೆ ಮೊಳೆ ಎಳೆದಂಥ ಕಂಠ' ಎಂದು ಪತ್ರಿಕೆಯ ವಿಮರ್ಶಕರು ಬರೆದರು. ಗುಬ್ಬಿ ಎಂಬ ಹೆಸರು ಅಳಿದು ತಗಡು ಎಂಬುದು ಉಳಿಯಿತು! ಕಾರ್ಯಕ್ರಮಗಳು ನಿಂತವು. ಹಳೆಯ ಒಳ್ಳೆಯ ಹಾಡುಗಳನ್ನೂ ಜನ ಅದೇ ನಗೆಯಲ್ಲಿ ಮುಳುಗಿಸಿಬಿಟ್ಟರು.

'ಬಿಟ್ಟು ಹೋದದ್ದಕ್ಕೆ ಸೇಡು ತೀರಿಸಿಕೊಂಡ!' ಅವಳಿಗೆ ಅರ್ಥವಾದದ್ದು ಅಷ್ಟೇ. ಕೇಳಲು ಹೋದ ಅವಳ ಅಕ್ಕನಿಗೆ ಅವನು ಬಾಗಿಲನ್ನೂ ತೆರೆಯಲಿಲ್ಲ.

ಅಂದಿನಿಂದ ಅವಳ ಕಂಠ ಬದುಕಿದ್ದು ದೊಡ್ಡ ಕಟ್ಟಡಗಳ ಲಿಫ್ಟುಗಳಲ್ಲಿ ಮಾತ್ರ. 'ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ.'

ಈಗ ಕಂಪನಿಯವರು ತಂಡದ ಹೆಸರಾಂತ ಹಾಡುಗಳನ್ನು ಆಯ್ದು, ಹೊಸದಾಗಿ ತಿದ್ದಿ, ಒಂದೇ ಆಲ್ಬಮ್ಮಾಗಿ ತರಲು ಹೊರಟಿದ್ದರು. ರುಚಿ ನೋಡಲೆಂದು ಒಂದು ಹಾಡನ್ನು ಮೊದಲೇ ಬಿಟ್ಟಿದ್ದರು. ಅದು ಕಾಡ್ಗಿಚ್ಚಿನಂತೆ ಹಬ್ಬಿತ್ತು! ಅವಳು ಹಾಡಿದಾಗ ಇನ್ನೂ ತೊದಲುತ್ತಿದ್ದ ಮಕ್ಕಳು ಈಗ ಬಸ್ಸಿನಲ್ಲಿ ಒಂದೇ ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು ಅದನ್ನು ಕೇಳುತ್ತಿದ್ದರು. ಹಿಂದೆ ತಗಡೆಂದು ಬರೆದಿದ್ದ ವಿಮರ್ಶಕರೇ, 'ಈ ತಂಡವನ್ನು ನಾವು ತಪ್ಪಾಗಿ ಅಳೆದೆವು' ಎಂದು ಬರೆದರು.

ಕಂಪನಿಯಲ್ಲಿ ಜಗಳವಾದ ದಿನ ಸಂಜೆ ಅಕ್ಕ ಫೋನ್ ಮಾಡಿದಳು.

"ಲೇ, ನನ್ನ ಮಗಳ ಕಾಲೇಜಲ್ಲೆಲ್ಲಾ ನಿನ್ನ ಹಾಡೇ ಅಂತೆ ಕಣೇ! ಹಾಡಿರೋದು ನಮ್ಮ ಚಿಕ್ಕಮ್ಮ ಅಂದ್ರೆ ಯಾರೂ ನಂಬ್ತಿಲ್ವಂತೆ."

"ಲಿಫ್ಟಿಗೆ ಕರ್ಕೊಂಡು ಹೋಗಿ ಕೇಳಿಸೋಕೆ ಹೇಳು, ನಂಬ್ತಾರೆ."

ಅಕ್ಕ ನಕ್ಕಳು. ಅವಳೂ ನಕ್ಕಳು... ಕಣ್ಣು ಮಾತ್ರ ತುಂಬಿಬಂತು. ಇಷ್ಟು ವರ್ಷಗಳ ಕಳಂಕ ಈಗಷ್ಟೇ ತೊಳೆದುಹೋಗುತ್ತಿದೆ. ಇಂಥ ಹೊತ್ತಿನಲ್ಲಿ ಆ ಕೊನೆಯ ಆಲ್ಬಮ್ಮಿನ ಹಾಡೇ? ಹಾಲಿನ ಕೊಡಕ್ಕೆ ಹುಳಿ ಹಿಂಡಿದ ಹಾಗೆ! ಜನ ಇನ್ನೊಮ್ಮೆ ನಕ್ಕರೆ... ಮತ್ತೆ ಏಳುವ ಶಕ್ತಿ ತನಗಿಲ್ಲ.

"ಬೇರೆ ಇಂಜಿನಿಯರ್ ಆ ಹಾಡನ್ನ ಹೊಸದಾಗಿ ಬೆರೆಸಿದ್ದಾಳೆ," ಎಂದು ಮೇಡಂ ಮರುದಿನ ಬೇಡಿಕೊಂಡಳು. "ಒಂದೇ ಸಲ ಕೇಳಿ. ಆಮೇಲೂ ಬೇಡ ಅಂದ್ರೆ ತೆಗೆದುಬಿಡೋಣ."

ಮನಸ್ಸಿಲ್ಲದ ಮನಸ್ಸಿನಿಂದ ಅವಳು ಸ್ಟುಡಿಯೋಗೆ ಬಂದಳು. ದಪ್ಪ ಬಟ್ಟೆ ಹೊದಿಸಿದ ಗೋಡೆಗಳ ಪುಟ್ಟ ಕೋಣೆ. ಅವನು ಮೊದಲೇ ಬಂದು ಕುಳಿತು ಅಂಗಿಯ ಚುಂಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಅವಳು ಬೇಕೆಂದೇ ಅವನ ಬಲಕ್ಕೆ, ಎರಡು ಕುರ್ಚಿಗಳಷ್ಟು ದೂರ ಕುಳಿತಳು. ಇಂಜಿನಿಯರ್ ಯಾವುದೋ ಗುಂಡಿ ಒತ್ತಿದಳು.

ಕೀ...!

ಮಿದುಳಿಗೇ ಸೂಜಿ ಚುಚ್ಚಿದಂಥ ಸಿಳ್ಳೆ! ಅವಳು ಚೀರಿ ಕಿವಿ ಮುಚ್ಚಿಕೊಂಡಳು. ಹಿಂದೆ ಕುಳಿತಿದ್ದ ಗುಡುಗಣ್ಣ ಮುದುಡಿಹೋದ. ಮೇಡಂ ಕೈಯಲ್ಲಿದ್ದ ಟೀ ಚೆಲ್ಲಿತು.

"ಅಯ್ಯೋ, ಕ್ಷಮಿಸಿ! ಸ್ಪೀಕರ್ ಪರೀಕ್ಷೆ ಮಾಡೋ ದನಿ... ಕೈ ತಪ್ಪಿ ಜೋರಾಯ್ತು!" ಎನ್ನುತ್ತ ಇಂಜಿನಿಯರ್ ಅದನ್ನು ನಿಲ್ಲಿಸಿದಳು.

ಗುಬ್ಬಿಯ ದೃಷ್ಟಿ ಅವನ ಮೇಲೆ ಬಿತ್ತು.

ಅವನು ಕನ್ನಡಕ ಒರೆಸುತ್ತಲೇ ಇದ್ದ. ಆಮೇಲೆ ಸುತ್ತಲಿನವರ ಮುಖ ನೋಡಿ, ಬೆಚ್ಚಿ, ಎರಡೂ ಕೈಗಳನ್ನು ಎತ್ತಿ ತನ್ನ ಕಿವಿ ಮುಚ್ಚಿಕೊಂಡ...

ದನಿ ನಿಂತುಹೋದ ಮೇಲೆ!

ಅವಳು ಥಟ್ಟನೆ ಹಿಂದೆ ತಿರುಗಿದಳು.

"ಗುಡುಗಣ್ಣ, ಎಲ್ಲರನ್ನೂ ಕರ್ಕೊಂಡು ಹೋಗಿ ಒಂದು ಟೀ ಕುಡ್ಕೊಂಡು ಬನ್ನಿ."

"ಈಗ ತಾನೇ ಕುಡಿದ್ನಲ್ಲಮ್ಮ."

"ಇನ್ನೊಂದು ಕುಡೀರಿ!"

ಬಾಗಿಲು ಮುಚ್ಚಿತು. ಅವಳು ಎದ್ದು ಅವನ ಮುಂದೆ ನಿಂತಳು.

"ಯಾವಾಗಿಂದ ಕೇಳಿಸ್ತಿಲ್ಲ?"

ಅವನು ಕನ್ನಡಕವನ್ನು ಮೂಗಿಗೇರಿಸಿಕೊಂಡ.

"ಮಾತು ಕೇಳುತ್ತೆ... ಸಣ್ಣ, ಚೂಪಾದ ದನಿಗಳು ಮಾತ್ರ ಹೋದ್ವು. ಯಾವಾಗ ಹೋದ್ವೋ ನನಗೇ ಗೊತ್ತಾಗ್ಲಿಲ್ಲ, ಗುಬ್ಬಿ. ಆ ಆಲ್ಬಂ ಬೆರೆಸುವಾಗ ನಿನ್ನ ದನಿ ಮಂಕಾಗಿ ಕೇಳ್ತಿತ್ತು. ನನ್ನ ಮೇಲಿನ ಕೋಪಕ್ಕೆ ಮನಸ್ಸಿಟ್ಟು ಹಾಡಿಲ್ಲ ಅಂದ್ಕೊಂಡೆ. ಹೊಳಪು ಬರ್ಲಿ ಅಂತ ಮೇಲಿನ ಸ್ವರಗಳನ್ನ ಏರಿಸಿದೆ... ಏರಿಸ್ತಾನೇ ಹೋದೆ. ನನ್ನ ಕಿವಿಗೆ ಅದು ಚೆನ್ನಾಗೇ ಇತ್ತು."

"ಆಮೇಲೆ?"

"ಪತ್ರಿಕೆಯಲ್ಲಿ ತಗಡು ಅಂತ ಓದಿದೆ. ಮತ್ತೆ ಹಾಕಿ ಕೇಳಿದೆ, ಕೇಳಿದೆ... ಯಾವ ತಗಡೂ ಕೇಳಿಸ್ಲಿಲ್ಲ! ಅವತ್ತೇ ಕಿವಿ ಡಾಕ್ಟರ ಹತ್ರ ಓಡಿದೆ. ವಾಸಿಯಾಗೋದಲ್ಲ ಅಂದ್ರು."

"ಇಷ್ಟು ವರ್ಷ ಆದ್ರೂ ನನಗೆ ಯಾಕೆ ಹೇಳ್ಲಿಲ್ಲ? ನನ್ನ ಗಂಟಲನ್ನೇ ನಾನು ದ್ವೇಷಿಸ್ಕೊಂಡು ಬದುಕಿದೀನಿ! ಸ್ನಾನದ ಮನೇಲೂ ಹಾಡಿಲ್ಲ ಕಣೋ ನಾನು! ಒಂದು ಮಾತು... ಒಂದೇ ಒಂದು ಮಾತು ಹೇಳೋಕೆ ನಿನಗೇನು ಬಾಯಿ ಬಿದ್ದುಹೋಗಿತ್ತಾ?"

"ಹೆದರಿದೆ. ಕಿವಿ ಹೋದವನಿಗೆ ಯಾರು ಕೆಲಸ ಕೊಡ್ತಾರೆ? ಜೊತೆಗೆ... ನೀನು ಹಾರಿ ಹೋಗಿದ್ದೆ. ಹೇಳಿದ್ರೆ ಕನಿಕರಕ್ಕೆ ವಾಪಸ್ ಬರ್ತಿದ್ದೆ. ಅದು ನನಗೆ ಬೇಡವಾಗಿತ್ತು."

"ಒಣ ಅಭಿಮಾನ! ಅದರ ಬೆಲೆ ಕೊಟ್ಟೋಳು ನಾನು!"

"ಹೌದು," ಎಂದ ಅವನು. "ಅದಕ್ಕೇ ಆ ಹಾಡು ಬೇಕು ಅಂತ ಹಟ ಹಿಡಿದೆ. ಬೇರೆಯವರ ಕಿವಿಯಿಂದ ಅದು ಸರಿಯಾಗ್ಲಿ ಅಂತ. ನೀನು ಕೆಟ್ಟದಾಗಿ ಹಾಡಿರ್ಲಿಲ್ಲ ಅಂತ ಜನಕ್ಕೆ ಗೊತ್ತಾಗ್ಲಿ ಅಂತ."

ಅವಳು ಹಾಡಿನ ಗುಂಡಿ ಒತ್ತಿದಳು.

ಹಾಡು ತೆರೆದುಕೊಂಡಿತು. ಆ ಕಂಠ... ತುಂಬಿದ, ಮೃದುವಾದ, ಏರುವಾಗ ಎಲ್ಲೂ ಸೀಳದ ಕಂಠ. ತನ್ನದೇ! ಕಳೆದುಹೋದ ಮಗು ದಾರಿಯಲ್ಲಿ ಎದುರಾದಂತೆ ಅವಳು ಬಿಕ್ಕಿ ಅತ್ತಳು. ಅವನು ಹಾಡಿನ ಕಡೆ ಗಮನ ಕೊಡದೆ ಅವಳ ಮುಖವನ್ನೇ ನೋಡುತ್ತಿದ್ದ.

"ಹೇಗಿದೆ?"

"ನಿನಗೆ ತಿಳಿಯಲ್ವಾ?"

"ಇಲ್ಲ. ಅದಕ್ಕೇ ಕೇಳ್ತಿದ್ದೀನಿ."

ಅವಳ ಕೋಪಕ್ಕೆ ಅಲ್ಲಿ ಕಾಲು ಸೋತಿತು. ಮರೆತಳು ಎಂದಲ್ಲ. ಮರೆಯುವಷ್ಟು ಚಿಕ್ಕದಾಗಿರಲಿಲ್ಲ ಅದು. ಆದರೆ ಇಷ್ಟು ವರ್ಷ ತಾನು ಶಪಿಸುತ್ತ ಬಂದ ಆ ದುಷ್ಟ ಎಲ್ಲಿಯೂ ಇರಲಿಲ್ಲವೆಂದು ಅವಳಿಗೆ ಈಗ ಗೊತ್ತಾಗಿತ್ತು. ಇದ್ದವನು ಒಬ್ಬ ಹೆದರಿದ ಮನುಷ್ಯ. ತನ್ನವನು.

"ಚೆನ್ನಾಗಿದೆ," ಎಂದಳು. "ಇರ್ಲಿ. ಈ ಹಾಡು ಇರ್ಲಿ."

"ನಾಳೆ ಪತ್ರಕರ್ತರು ಬರ್ತಾರೆ. ತಪ್ಪು ನಂದು, ನನ್ನ ಕಿವಿದು ಅಂತ ಹೇಳಿಬಿಡ್ತೀನಿ."

"ಹೇಳಬೇಡ ಅಂತೀನಿ ಅಂದ್ಕೊಂಡ್ಯಾ? ಹೇಳ್ಲೇಬೇಕು! ನನ್ನ ಹೆಸರು ನನಗೆ ವಾಪಸ್ ಬೇಕು."

"ಹೇಳ್ತೀನಿ. ಆದ್ರೆ... ಹಿಂದಿನ ಸಾಲಿಂದ ಯಾರಾದ್ರೂ ಏನಾದ್ರೂ ಕೇಳಿದ್ರೆ ನನಗೆ ಗೊತ್ತಾಗಲ್ಲ. ಏನೋ ಕೇಳಿದ್ರೆ ಇನ್ನೇನೋ ಹೇಳಿ ನಗೆಪಾಟಲಾಗ್ತೀನಿ."

"ನಾನು ಪಕ್ಕದಲ್ಲೇ ಇರ್ತೀನಲ್ಲ. ಏನು ಕೇಳಿದ್ರು ಅಂತ ಹೇಳ್ತೀನಿ."

"ಕನಿಕರಕ್ಕಾ, ಗುಬ್ಬಿ?"

"ಕನಿಕರ ಇದ್ದಿದ್ರೆ ಇಷ್ಟು ಬಯ್ತಿದ್ನಾ, ಮಂಕೇ!"

ಎಷ್ಟೋ ಕಾಲದ ನಂತರ ಅವನು ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿತು.

"ಹಾಗಾದ್ರೆ... ಎಡಗಡೆ ಕೂತ್ಕೋ. ಆ ಕಿವಿ ಸ್ವಲ್ಪ ವಾಸಿ."

ಅವಳು ತನ್ನ ಕುರ್ಚಿಯನ್ನು ಎಳೆದುಕೊಂಡು ಅವನ ಎಡಕ್ಕೆ ಬಂದಳು.